ಇಂಚರಾಳ ಜಡೆ, ಅಡಿವೆಪ್ಪನವರ ನೊಣ

ಕಡಲಾಚೆಯ ಪುಟ್ಟ ಊರು ಮಾನ್ಮತ್ ಜಂಕ್ಷನ್‌ನ ನಮ್ಮ ಬೀದಿಯಲ್ಲಿ ಅಡಿವೆಪ್ಪನವರು ಎದುರಾದರೆ ಎಲ್ಲರಿಗೂ ತಟ್ಟನೆ ಯಾವುದೋ ಒಂದು ಮೀಟಿಂಗ್ ನೆನಪಾಗುತ್ತಿತ್ತು. ಸುಳ್ಳೇಕೆ, ನನಗೂ ಅಷ್ಟೆ. ಔಷಧ ಕಂಪನಿಯಲ್ಲಿ ಮೂವತ್ತು ವರ್ಷ ಮಾತ್ರೆಗಳ ಗುಣಮಟ್ಟ ನೋಡಿ ರಿಟೈರ್ ಆದ ಈ ಧಾರವಾಡದ ಮನುಷ್ಯ ಈಗ ಫೋನ್ ಹಿಡಿದು ಹೂಗಿಡಗಳ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ಹುಡುಕುತ್ತಿದ್ದದ್ದು ದುಂಬಿಯ ವೇಷ ಹಾಕಿದ ನೊಣಗಳನ್ನು. ಅದೇ ಕಪ್ಪು ಮೈ, ಅದೇ ಹಳದಿ ರೋಮ, ಅದೇ ಗುಂಯ್ ಸದ್ದು. ಕೊಂಡಿ ಮಾತ್ರ ಇಲ್ಲ. ಸಿಕ್ಕವರನ್ನು ನಿಲ್ಲಿಸಿ ಫೋಟೋ ತೋರಿಸುತ್ತಿದ್ದರು. ಎದುರುಮನೆಯ ಸೌಜನ್ಯಾ ಅಂತೂ ಅವರನ್ನು ಕಂಡರೆ ಗ್ಯಾರೇಜಿನಿಂದಲೇ ಒಳಗೆ ಹೋಗಿಬಿಡುತ್ತಿದ್ದಳು.

ಜುಲೈನಲ್ಲಿ ಅವರೇ ಮೋಸ ಹೋದರು. ನೊಣವೆಂದು ಹಿಡಿದದ್ದು ನಿಜವಾದ ದುಂಬಿ. ಹೆಬ್ಬೆರಳು ಬದನೆಕಾಯಿಯಾಯಿತು. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ವರಮಹಾಲಕ್ಷ್ಮಿ ಹಬ್ಬಕ್ಕೆ ಸೌಜನ್ಯಾಳ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಒಂಬತ್ತು ವರ್ಷದ ಮಗಳು ಇಂಚರಾಳ ಜಡೆಗೆ ಹಿತ್ತಲಿನ ಚೆಂಡುಹೂ ಮುಡಿಸಿ, ಫೋಟೋ ತೆಗೆಯಲು ಅವಳನ್ನು ಡೆಕ್ಕಿನ ಮರದ ಜಗಲಿಯ ಮೇಲೆ ನಿಲ್ಲಿಸಿದ್ದಳು. ಆಗಲೇ ಕಪ್ಪು-ಹಳದಿ ಮೈಯದೊಂದು ಗುಂಯ್ ಎಂದು ಹಾರಿಬಂದು ಹೂವಿನ ಮೇಲೆ ಕೂತಿತು. ಕುತ್ತಿಗೆಗೆ ಒಂದೇ ಇಂಚು ದೂರ.

ಎರಡು ವರ್ಷದ ಹಿಂದೆ ದುಂಬಿ ಚುಚ್ಚಿ ಈ ಮಗುವಿನ ಉಸಿರೇ ಕಟ್ಟಿತ್ತು, ಆಂಬುಲೆನ್ಸ್ ಬಂದಿತ್ತು. ಸೌಜನ್ಯಾ ಅಲರ್ಜಿಯ ಇಂಜೆಕ್ಷನ್ ತರಲು ಒಳಗೆ ಓಡಿದಳು. ಗಂಡ ಶಿವಪ್ರಸಾದ್ ಚಪ್ಪಲಿ ಎತ್ತಿದ.

"ಹೊಡಿಬ್ಯಾಡೋ! ದುಂಬಿ ಇದ್ರ ಸಿಟ್ಟಿಗೆದ್ದು ಚುಚ್ಚತೈತಿ," ಎಂದು ಅಡಿವೆಪ್ಪನವರು ಮುಂದೆ ಬಂದರು. "ಅಲ್ಲಾಡಬ್ಯಾಡವಾ, ಕೂಸ."

"ರೀ, ಗೊತ್ತಾಗಲಿಲ್ಲಂದ್ರ ಸುಮ್ನ ಏನರ ಹೇಳಬ್ಯಾಡ್ರಿ," ಎಂದರು ಅವರ ಹೆಂಡತಿ ವೀರಬಸಮ್ಮ. ಈ ಸಲ ಯಾರೂ ನಗಲಿಲ್ಲ.

ಅವರು ಮಂಡಿಯೂರಿ ಕೂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಮೀಸಿ ಗಿಡ್ಡ. ಕಣ್ಣು ತಲಿತುಂಬ."

ಎರಡೂ ನೊಣದ ಗುರುತು, ಆದರೂ ಅಷ್ಟಕ್ಕೇ ತೀರ್ಪು ಕೊಡಲಿಲ್ಲ. ಅದು ರೆಕ್ಕೆ ಬಿಚ್ಚುವವರೆಗೂ ಕಾದರು.

"ರೆಕ್ಕಿ ಎರಡ. ದುಂಬಿಗೆ ನಾಕು ಇರತಾವ."

ಒಮ್ಮೆ ತಮ್ಮ ಹೆಬ್ಬೆರಳು ನೋಡಿಕೊಂಡರು. ಆಮೇಲೆ ಮಗುವಿನ ಕುತ್ತಿಗೆಗೆ ಒಂದು ಅಂಗೈ ಅಡ್ಡ ಹಿಡಿದು, ಇನ್ನೊಂದರಿಂದ ಅದನ್ನು ಮೆಲ್ಲನೆ ಮುಚ್ಚಿ ಎತ್ತಿಕೊಂಡರು. ಮುಷ್ಟಿಯೊಳಗೆ ಗುಂಯ್ ಎಂದಿತು. ನಾವೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆವು.

"ನೊಣ," ಎಂದರು. ಕೈ ಬಿಚ್ಚಿದರು. ಅದು ಮಿಠಾಯಿ ಅಂಗಡಿಯ ನೊಣದಂತೆಯೇ ಮುಂಗಾಲು ಉಜ್ಜುತ್ತಾ ಕೂತಿತ್ತು.

ಇಂಜೆಕ್ಷನ್ ಹಿಡಿದು ಬಂದ ಸೌಜನ್ಯಾ ಮಗಳನ್ನು ತಬ್ಬಿ ಮೆಟ್ಟಿಲ ಮೇಲೆ ಕುಸಿದು ಅತ್ತೇಬಿಟ್ಟಳು. ಶಿವಪ್ರಸಾದನ ಕೈಯಲ್ಲಿ ಚಪ್ಪಲಿ ಇನ್ನೂ ಹಾಗೇ ಇತ್ತು. ನಮಗೆಲ್ಲ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು ಸೌಜನ್ಯಾ ಪಕ್ಕಕ್ಕೆ ಸರಿದು ಅಡಿವೆಪ್ಪನವರಿಗೆ ಜಾಗ ಮಾಡಿದಳು.

"ಅಂಕಲ್, ನಿಮ್ ಫೋಟೋಸ್ ಎಲ್ಲಾ ತೋರ್ಸಿ. ನಂಗೂ ಗುರುತು ಹಿಡಿಯೋದು ಕಲಿಸ್ಬೇಕು."

"ಮೂರು ಸಾವಿರ ಅದಾವವಾ."

"ಮೀ ಫಸ್ಟ್!" ಎಂದು ಇಂಚರಾ ನಡುವೆ ನುಗ್ಗಿದಳು.

ಊಟಕ್ಕೆ ಎದ್ದಾಗ ಮೂರೂವರೆ. ಯಾರಿಗೂ ಮೀಟಿಂಗ್ ನೆನಪಾಗಿರಲಿಲ್ಲ.