ನಾಲ್ಕು ಪ್ಲೇಯರುಗಳ ಶೀನ

ಉದ್ಯಾವರದ ಶೀನನಿಗೆ ಮಾಡಲು ಕೆಲಸವಿರಲಿಲ್ಲ, ಹಾಗೆಂದು ಬಿಡುವೂ ಇರಲಿಲ್ಲ. ಸೀಡಿಗಳು ಬಂದು ಅವನ ವೀಡಿಯೋ ಕ್ಯಾಸೆಟ್ ಅಂಗಡಿ ಮುಚ್ಚಿದ ಮೇಲೆ ಆ ಕೋಣೆಯನ್ನು ಬೇಕರಿಯವರಿಗೆ ಬಾಡಿಗೆಗೆ ಕೊಟ್ಟು, ತಾನು ಮನೆಯ ಚಾವಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತುಬಿಟ್ಟಿದ್ದ. ಎರಡು ಸಾವಿರದ ಏಳರಲ್ಲಿ ಬ್ರಾಡ್‌ಬ್ಯಾಂಡ್ ಬಂದದ್ದೇ ತಡ, ಅವನು ತಜ್ಞನಾದ. ಯಾವುದರ ತಜ್ಞ ಎಂಬುದು ಮಾತ್ರ ಊರಿಗೆ ಸರಿಯಾಗಿ ಗೊತ್ತಿರಲಿಲ್ಲ.

ವಿಷಯ ಇಷ್ಟೇ. ಇಂಟರ್‌ನೆಟ್ಟಿನಲ್ಲಿ ಯಾರಾದರೂ ಆಗಾಗ ವೀಡಿಯೋ ಹಾಕುತ್ತಿದ್ದರೆ, ಪತ್ರಿಕೆಗೆ ಆಗುವಂತೆ ಅದಕ್ಕೂ ಚಂದಾದಾರರಾಗಬಹುದು. ಹೊಸತು ಬಂದಾಗಲೆಲ್ಲ ಕಂಪ್ಯೂಟರ್ ತಾನಾಗಿಯೇ ಇಳಿಸಿಕೊಂಡು ಇಟ್ಟಿರುತ್ತದೆ. ಇದಕ್ಕೆಂದೇ ಇದ್ದ 'ಪ್ಲೇಯರ್' ಎಂಬ ಸಾಫ್ಟ್‌ವೇರುಗಳಲ್ಲಿ ನಾಲ್ಕನ್ನು ಶೀನ ಹಾಕಿಕೊಂಡಿದ್ದ. ಒಂದರಲ್ಲಿ ಚಿತ್ರ ಬಹಳ ಚಂದ, ಆದರೆ ಅದನ್ನು ತೆರೆದರೆ ಕಂಪ್ಯೂಟರ್ ಕೆಸರಿಗಿಳಿದ ಎಮ್ಮೆಯಂತೆ ಮಲಗಿಬಿಡುತ್ತಿತ್ತು. ಇನ್ನೊಂದು ಹಗುರ, ಆದರೆ ಕರೆಂಟ್ ಹೋಗಿ ಬಂದರೆ ಮತ್ತೆ ಮೊದಲಿನಿಂದ ಇಳಿಸಲು ಶುರು. ಮೂರನೆಯದು ವೀಡಿಯೋವನ್ನು ಎಲ್ಲಿಟ್ಟಿದೆ ಎಂದು ಬಾಯಿಬಿಡುತ್ತಿರಲಿಲ್ಲ. ನಾಲ್ಕನೆಯದರಲ್ಲಿ ತುಟಿ ಮೊದಲು ಆಡಿ, ಮಾತು ಆಮೇಲೆ ಬರುತ್ತಿತ್ತು. ಇದನ್ನೆಲ್ಲ ಅವನು ಕಾಪುವಿನ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ, ಕೇಳದವರಿಗೂ ವಿವರಿಸುತ್ತಿದ್ದ.

"ಯಾವುದು ಒಳ್ಳೆಯದು ಅಂತ ಒಂದು ಹೇಳಿಬಿಡಿ ಶೀನಣ್ಣ," ಎನ್ನುತ್ತಿದ್ದ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಸಿರಿಲ್.

"ಹಾಗೆಲ್ಲ ಹೇಳಲಿಕ್ಕೆ ಆಗುವುದಿಲ್ಲ ಮಾರಾಯ. ಟೆಸ್ಟಿಂಗ್ ನಡೆಯುತ್ತಾ ಉಂಟು."

ಟೆಸ್ಟಿಂಗಿಗೆ ಬೇಕಾದ ವೀಡಿಯೋ ಒದಗಿಸುತ್ತಿದ್ದವನು ಹೆಂಡತಿ ಚಂಪಾಳ ತಮ್ಮ ಪ್ರತೀಕ್. ಶಾರ್ಜಾದ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದ ಅವನು ಭಾವನ ಒತ್ತಾಯಕ್ಕೆ ವಾರಕ್ಕೊಂದು ವೀಡಿಯೋ ಹಾಕತೊಡಗಿದ್ದ. ಅದು ನಾಲ್ಕೂ ಪ್ಲೇಯರುಗಳಲ್ಲಿ ಬಂದು ಬೀಳುತ್ತಿತ್ತು. ಶೀನ ಪ್ರತಿಯೊಂದರಲ್ಲೂ ತೆರೆದು, ಬಣ್ಣ ನೋಡಿ, ತುಟಿ ನೋಡಿ, ಮುಚ್ಚುತ್ತಿದ್ದ. ಮೈದುನ ಏನು ಹೇಳುತ್ತಿದ್ದಾನೆ ಎಂದು ಕೇಳುವ ಗೊಡವೆಗೆ ಹೋದವನಲ್ಲ. ಅದು ಟೆಸ್ಟಿಂಗಿಗೆ ಬೇಕಾದದ್ದಲ್ಲವಲ್ಲ.

ಒಂದು ದಿನ ಪ್ರತೀಕ್ ಫೋನ್ ಮಾಡಿದ.

"ಭಾವ, ಈ ವಾರದ್ದು ನೋಡಿದಿರಾ?"

"ನೋಡಿದೆ ನೋಡಿದೆ. ಫಸ್ಟ್ ಕ್ಲಾಸ್!"

"ಹಾಗಾದರೆ ನಿಮಗೆ ಒಪ್ಪಿಗೆ ಅಲ್ವಾ?"

"ನೂರಕ್ಕೆ ನೂರು ಒಪ್ಪಿಗೆ ಮಾರಾಯ! ಮುಂದೆಯೂ ಹೀಗೆಯೇ ಇರಲಿ."

ಅತ್ತ ಪ್ರತೀಕ್‌ಗೆ ಕಣ್ಣು ತುಂಬಿ ಬಂತು. ಇತ್ತ ಶೀನ ಮತ್ತೆ ಮೌಸ್ ಹಿಡಿದ.

ಮುಂದಿನ ತಿಂಗಳು ಪ್ರತೀಕ್ ರಜೆಯಲ್ಲಿ ಬಂದ. ಆ ಭಾನುವಾರ ತಮ್ಮನೊಬ್ಬನೇ ಊಟಕ್ಕೆ ಬರುತ್ತಾನೆಂದು ಚಂಪಾ ಬಂಗುಡೆ ಸಾರು ಮಾಡಿದ್ದಳು. ಅಂಗಳದಲ್ಲಿ ನಿಂತ ಕಾರಿನಿಂದ ಅವನ ಜೊತೆ ಇನ್ನೂ ಮೂವರು ಇಳಿದರು: ಒಬ್ಬಳು ಹುಡುಗಿ, ಅವಳ ಅಪ್ಪ, ಅವ್ವ. ಅವ್ವನ ಕೈಯಲ್ಲಿ ಹೂವು ಹಣ್ಣಿನ ತಟ್ಟೆ.

"ಇವರು ಯಾರು?" ಎಂದಳು ಚಂಪಾ.

"ಭಾವ ಹೇಳಲಿಲ್ವಾ? ಅಕ್ಕಾ, ಇವಳೇ ಶಿಲ್ಪಾ. ನನ್ನ ಆಸ್ಪತ್ರೆಯಲ್ಲೇ ನರ್ಸ್. ಇವಳ ಅಪ್ಪ ರೇವಪ್ಪ, ಅವ್ವ ಭಾಗವ್ವ. ಬಾದಾಮಿ ಕಡೆಯವರು. ಈಗ ಮಣಿಪಾಲದಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ. ನಮ್ಮ ಮದುವೆಗೆ ಒಪ್ಪಿಗೆ ಅಂತ ಭಾವ ಹೇಳಿದ್ದಾರಲ್ಲ!"

ಎಲ್ಲರೂ ಶೀನನ ಕಡೆ ತಿರುಗಿದರು.

"ಅದು... ಚಿತ್ರದ ಕ್ಲಾರಿಟಿಗೆ ಹೇಳಿದ್ದು," ಎಂದ ಶೀನ.

"ಹಾಕಿ ಆ ವೀಡಿಯೋ," ಎಂದಳು ಚಂಪಾ.

"ಯಾವುದರಲ್ಲಿ ಹಾಕಲಿ?"

"ಯಾವುದರಲ್ಲಾದರೂ ಹಾಕಿ!"

ಚಂದದ್ದನ್ನು ತೆರೆದ, ಕಂಪ್ಯೂಟರ್ ಮಲಗಿತು. ಮತ್ತೆ ಎಬ್ಬಿಸಿ ಹಗುರದ್ದನ್ನು ತೆರೆದರೆ ಅದು ವೀಡಿಯೋವನ್ನು ಮತ್ತೆ ಮೊದಲಿನಿಂದ ಇಳಿಸಲು ಹೊರಟು ಅರ್ಧಕ್ಕೇ ನಿಂತಿತು. ಮೂರನೆಯದರಲ್ಲಿ ಅದು ಸಿಗಲೇ ಇಲ್ಲ. ಬಂದವರು ಶರಬತ್ತು ಕುಡಿದು ಮುಗಿಸಿದರು. ಕಡೆಗೆ ನಾಲ್ಕನೆಯದರಲ್ಲಿ ಪ್ರತೀಕನ ತುಟಿ ಆಡಿತು. ಆಮೇಲೆ ಮಾತು ಬಂತು.

"ಅಕ್ಕನಿಗೆ ನೀವೇ ಹೇಳಬೇಕು ಭಾವ. ಮೊದಲು ಜಾತಿ ಎನ್ನುತ್ತಾಳೆ, ಆಮೇಲೆ ಭಾಷೆ ಎನ್ನುತ್ತಾಳೆ, ಆಮೇಲೆ ಜನ ಏನಂದಾರು ಎನ್ನುತ್ತಾಳೆ. ಆದರೆ ನಿಮ್ಮ ಮಾತನ್ನು ಅವಳು ತೆಗೆದುಹಾಕುವುದಿಲ್ಲ."

ಚಂಪಾಳ ನಾಲಿಗೆಯ ತುದಿಯಲ್ಲಿ ಈ ಮೂರೂ ಮಾತು ಇದೇ ಕ್ರಮದಲ್ಲಿ ಸಿದ್ಧವಾಗಿದ್ದವು. ತಮ್ಮನ ಬಾಯಿಂದ, ಅದೂ ಬಂದ ಜನರ ಎದುರು ಕೇಳಿದ ಮೇಲೆ ಒಂದನ್ನೂ ಆಡುವಂತಿರಲಿಲ್ಲ. ರೇವಪ್ಪ ನೆಲ ನೋಡುತ್ತಿದ್ದ. ಭಾಗವ್ವ ಎದ್ದು ನಿಂತಳು.

"ನಿಮಗ ಗೊತ್ತಿಲ್ಲದ ಬಂದೀವಿ ಅಂತ ನಮಗೂ ಗೊತ್ತಿರಲಿಲ್ಲರಿ. ಸಿಟ್ಟಾಗಬ್ಯಾಡ್ರಿ. ನಾವು ಬರ್ತೀವಿ."

"ಎಲ್ಲಿಗೆ ಹೋಗುವುದು? ಊಟ ಮಾಡದೆ?" ಚಂಪಾ ಗದರಿದಳು. ಗದರಿಕೆ ಯಾರಿಗೆಂದು ಅವಳಿಗೇ ತಿಳಿಯಲಿಲ್ಲ. ಆಮೇಲೆ ಕೇಳಿದಳು, "ನಿಮಗೆ ಮೀನು ಆಗ್ತದಾ?"

"ಈ ಊರಿಗೆ ಬಂದ ಮ್ಯಾಲೆ ಕಲ್ತೀವ್ರಿ," ಎಂದಳು ಭಾಗವ್ವ, ಸೆರಗು ಸಿಕ್ಕಿಸಿಕೊಂಡು ಒಳಗೆ ಬರುತ್ತಾ. "ಆದ್ರ ಖಾರ ಸಾಲಂಗಿಲ್ಲ."

ಚಂಪಾಳಿಗೆ ನಗು ಬಂತು. ಅಡುಗೆಮನೆಯಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಊಟ ಮುಗಿದು ತಾಂಬೂಲ ಹಿಡಿಯುವ ಹೊತ್ತಿಗೆ ನಿಶ್ಚಿತಾರ್ಥದ ಮಾತೂ ಆಯಿತು. ಮನೆಯ ಯಜಮಾನನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅವನು ಎರಡನೆಯ ಪ್ಲೇಯರ್ ಏಕೆ ಅರ್ಧಕ್ಕೆ ನಿಂತಿತೆಂದು ನೋಡುತ್ತಿದ್ದ.

ಮರುದಿನ ಅವನು ಎದೆಯುಬ್ಬಿಸಿಕೊಂಡು ಕಾಪುವಿನ ಹೋಟೆಲಿಗೆ ಹೋದ.

"ಮೈದುನನ ಸಂಬಂಧ ಕುದುರಿಸಿದ್ದು ನಾನೇ, ಸಿರಿಲ್. ಎಲ್ಲ ವೀಡಿಯೋದಲ್ಲೇ. ಈಗಿನ ಟೆಕ್ನಾಲಜಿ!"

"ಹೌದಾ! ಒಳ್ಳೆಯದಾಯಿತು. ಹುಡುಗಿಯ ಹೆಸರು ಎಂತ?"

ಶೀನ ಬನ್ಸ್ ಮುರಿಯುವುದನ್ನು ನಿಲ್ಲಿಸಿದ.

"ಅದು ವೀಡಿಯೋದಲ್ಲಿ ಉಂಟು," ಎಂದ.