ತುಳಸಿ ದೀಪದ ಬಾಡಿಗೆದಾರ

ಗೆಳೆಯರೇ, ಧಾರವಾಡದಿಂದ ಅಂಕೋಲೆಗೆ ಮಾಸ್ತರನಾಗಿ ಬಂದ ನನಗೆ ಇವತ್ತೂ ಬಾಡಿಗೆ ಮನೆ ತಪ್ಪುವುದರಲ್ಲಿತ್ತು. ಮನೆಯೊಡತಿ ಕೀಲಿಯನ್ನು ಸೆರಗಿನ ಗಂಟಿನಲ್ಲೇ ಇಟ್ಟುಕೊಂಡು ಕೇಳಿದರು:

"ಹೆಂಗಸಿಲ್ದೆ ಇದ್ರೆ ತುಳಸಿಗೆ ದೀಪ ಯಾರ ಹಚ್ಚೂದು, ತಮಾ?"

"ನಾನs."

"ಗಂಡಸಾ?"

ಹೊತ್ತು ಮುಳುಗುತ್ತಿತ್ತು. ಬಾವಿಕಟ್ಟೆಯಲ್ಲಿ ಕಾಲು ತೊಳೆದು ಅಂಗಳದ ತುಳಸಿಗೆ ದೀಪ ಹಚ್ಚಿದೆ. ಕಡಲಗಾಳಿಗೆ ಆರಿತು. ಮತ್ತೆ ಹಚ್ಚಿ, ಖಾದಿ ಟೊಪ್ಪಿಗೆಯನ್ನು ಅಡ್ಡ ಹಿಡಿದೆ.

ಹೆಂಡತಿಯೊಡನೆ ಬೇಲಿಯಾಚೆ ನಿಂತಿದ್ದ ನೆರೆಯವನು ನಕ್ಕ: "ಮಾಸ್ತರ್ರೇ, ಬಳೆ ಒಂದ್ ಕಮ್ಮಿ ಆಯ್ತು!"

"ತರ್ರಿ, ಹಾಕ್ಕೊಂಡs ಹಚ್ಚತೀನಿ," ಎಂದೆ.

ಒಡತಿ ನಗುತ್ತ ಸೆರಗಿನ ಗಂಟು ಬಿಚ್ಚಿದರು. ಇದನ್ನು ಬರೆಯುವ ಹೊತ್ತಿಗೆ ಬೇಲಿಯಾಚೆ ಹೆಂಡತಿ ಗಂಡನ ಕೈಗೆ ದೀಪದ ಎಣ್ಣೆ ಬಟ್ಟಲು ಕೊಡುತ್ತಿದ್ದಾಳೆ. ನನಗೆ ಮನೆ ಸಿಕ್ಕಿತು. ಪಾಪ, ಅವನಿಗೆ ಮನೆಗೆಲಸ.