ಚಿತ್ರದ ಮನೆಯಲ್ಲಿ ಅತ್ತೆಯ ಮುಖ

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ವಕೀಲನಾಗಿದ್ದ ನಮ್ಮ ಚಿಕ್ಕಪ್ಪ ಮುಳಬಾಗಿಲಿನಲ್ಲಿ ಹೊಸ ಮನೆ ಕಟ್ಟಿಸಿದ. ಊರವರು ಅದನ್ನು ಚಿತ್ರದ ಮನೆ ಎಂದು ಕರೆದರು. ಮದರಾಸಿನಲ್ಲಿ ಕಲಿತ ಚಿತ್ರಗಾರನೊಬ್ಬನನ್ನು ಕರೆಸಿ, ಪಾಯ ತೋಡುವಾಗಿನಿಂದಲೇ ಮೇಸ್ತ್ರಿಯ ಪಕ್ಕ ನಿಲ್ಲಿಸಿಕೊಂಡಿದ್ದ. ಗೋಡೆ ಬೇರೆ, ಚಿತ್ರ ಬೇರೆ ಆಗಕೂಡದು ಎಂಬುದು ಆ ಚಿತ್ರಗಾರನ ಹಟ. ನಡುಮನೆಯ ಕಂಬಗಳ ಸಾಲು ಗೋಡೆಯ ಮೇಲೆ ಬಣ್ಣದ ಕಂಬಗಳಾಗಿ ಮುಂದುವರಿದಿತ್ತು. ಮೇಲಿನ ದುಂಡು ಕಿಟಕಿಯೇ ರಾಮ ಪಟ್ಟಾಭಿಷೇಕದ ಸೂರ್ಯ. ಆ ಪಟ್ಟಾಭಿಷೇಕಕ್ಕೆ ನೆರೆದವರಿಗೆ ಮನೆಯವರದೇ ಮುಖಗಳು. ಕೋಲಾರ, ಮಾಲೂರುಗಳಿಂದಲೂ ಜನ ಬಸ್ಸು ಹತ್ತಿ ಬಂದು ನೋಡುತ್ತಿದ್ದರು.

ಚಿಕ್ಕಪ್ಪನನ್ನು ಸಾಕಿದವಳು ಅವನ ಅಕ್ಕ, ಅಂದರೆ ನನ್ನ ಸೋದರತ್ತೆ. ಚಿಕ್ಕವಯಸ್ಸಿನಲ್ಲೇ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತಮ್ಮನ ಅಡಿಗೆಮನೆ ಸೇರಿದ್ದಳು. ಒಂದು ದಿನ ಚಿಕ್ಕಪ್ಪ, "ನಿನ್ನ ಮುಖಾನೂ ಹಾಕಿಸ್ತೀನಿ ಕಣೇ ಅಕ್ಕ" ಎಂದ. ಚಿತ್ರಗಾರ ಬಂದು, ಒಲೆಯ ಮುಂದೆ ಕೂತ ಅವಳ ಮುಖವನ್ನು ಬರೆದುಕೊಂಡು ಹೋದ.

"ಕೌಸಲ್ಯೆ ಇರಬೇಕು ಕಣೇ. ಪಟ್ಟಾಭಿಷೇಕದ ಹೊತ್ಗೆ ಅವಳೂ ನನ್ನ ಹಾಗೇ ಗಂಡ ಇಲ್ದೋಳು ತಾನೇ" ಎಂದು ಅತ್ತೆ ನನ್ನ ಹತ್ತಿರ ಲೆಕ್ಕ ಒಪ್ಪಿಸಿದಳು. ತನಗಾಗಿ ಏನನ್ನೂ ಕೇಳದವಳು ಇದೊಂದಕ್ಕೆ ಮಾತ್ರ ಮಗುವಿನ ಹಾಗೆ ಕಾದಳು.

ಗೃಹಪ್ರವೇಶಕ್ಕೆ ಎದುರು ಬರಬಾರದೆಂದು ಅವಳನ್ನು ಹಳೆಯ ಮನೆಯಲ್ಲೇ ಉಳಿಸಿದರು. ಶಾಸ್ತ್ರವೆಲ್ಲ ಮುಗಿದ ಮೇಲೆ, ಮದುವೆಯಾಗಿ ಶ್ರೀನಿವಾಸಪುರ ಸೇರಿದ್ದ ನಾನೇ ಬಂದು ಅವಳನ್ನು ಕರೆದುಕೊಂಡು ಹೋದೆ. ಹೋದದ್ದು ಹಿತ್ತಿಲ ಬಾಗಿಲಿನಿಂದ.

ನಡುಮನೆಯ ಗೋಡೆಯ ಮೇಲೆ ಎಲ್ಲರೂ ಇದ್ದರು. ಚಿಕ್ಕಪ್ಪ ಪೇಟ ಕಟ್ಟಿ ಮಂತ್ರಿಯಾಗಿದ್ದ, ಮಕ್ಕಳು ಚಾಮರ ಹಿಡಿದಿದ್ದರು, ಅವನ ಗಾಡಿಯ ಕುದುರೆಗೂ ಜಾಗ ಸಿಕ್ಕಿತ್ತು. ಕೌಸಲ್ಯೆಯಾಗಿ ಕೂತಿದ್ದವಳು ಚಿಕ್ಕಮ್ಮನ ತಾಯಿ, ಹಣೆಯ ಮೇಲೆ ಕಾಸಗಲ ಕುಂಕುಮ. ಅತ್ತೆ ಗೋಡೆಯುದ್ದಕ್ಕೂ ಮುಖಗಳನ್ನು ಹುಡುಕಿ, "ನಾನೆಲ್ಲೋ?" ಎಂದಳು.

"ಒಳಗೆಲ್ಲಿ ಹುಡುಕ್ತೀಯೇ, ಬೀದಿಗೆ ಬಾ" ಎಂದು ಚಿಕ್ಕಪ್ಪ ನಗುತ್ತ ಹೊರಟ. ನೋಡಲು ಬಂದಿದ್ದವರೆಲ್ಲ ಹಿಂದೆಯೇ ಬಂದರು.

ಹೆಬ್ಬಾಗಿಲಿನ ಮೇಲೆ ಗಾರೆಯ ದೃಷ್ಟಿಬೊಂಬೆ ಇತ್ತು. ಗುಡ್ಡೆಗಣ್ಣು, ಕೋರೆಹಲ್ಲು, ಗಲ್ಲ ದಾಟಿ ಜೋತ ನಾಲಗೆ. ಉಳಿದದ್ದೆಲ್ಲ ಅತ್ತೆಯೇ: ಬೋಳುತಲೆ, ಸೊಟ್ಟ ಮೂಗು, ಎಡಗೆನ್ನೆಯ ಮಚ್ಚೆ.

"ಅಚ್ಚಂ ಆಯಮ್ಮೇ ಕದಾ", ಥೇಟು ಆಯಮ್ಮನೇ ಅಲ್ಲವೇ, ಎಂದು ತೆಲುಗಿನಲ್ಲಿ ಅಂದ ನಂಗಲಿಯಿಂದ ಬಂದಿದ್ದವನೊಬ್ಬ. ಜನ ಬಿದ್ದು ಬಿದ್ದು ನಕ್ಕರು. ಚಿತ್ರಗಾರ ಮಾತ್ರ ನಗಲಿಲ್ಲ. ಮೂಗಿನ ನೆರಳು ಸರಿಯಾಗಿ ಬಿದ್ದಿದೆಯೇ ಎಂದು ನೋಡುತ್ತಿದ್ದ.

"ಮನೆಗೆ ಕಣ್ಣು ಬೀಳಬಾರದಲ್ಲಕ್ಕ. ಚಿಕ್ಕೋನಿದ್ದಾಗ ನನ್ನ ಕಾದೆ, ಈಗ ಮನೇನೂ ನೀನೇ ಕಾಯಿ" ಎಂದ ಚಿಕ್ಕಪ್ಪ. ಅವನ ಮುಖಕ್ಕೆ ಉಗಿಯಬೇಕೆನಿಸಿತು ನನಗೆ.

ಅತ್ತೆ ತಲೆಯೆತ್ತಿ ಬಹಳ ಹೊತ್ತು ನೋಡಿದಳು. "ನಂಗೆ ಅಷ್ಟುದ್ದ ನಾಲಗೆ ಇದ್ದಿದ್ರೆ, ನೀನು ಇಷ್ಟೊತ್ತಿಗೆ ಮನುಷ್ಯ ಆಗಿರ್ತಿದ್ದೆ ಕಣೋ" ಎಂದಳು.

ಅವನು ಅದಕ್ಕೂ ನಕ್ಕ.

"ನಮ್ಮೂರಿಗೆ ಬಂದ್ಬಿಡು ಅತ್ತೆ" ಎಂದು ನಾನು ಕೈ ಹಿಡಿದೆ. "ನಿನ್ನ ಗಂಡನ ಮನೇಲಿ ನನಗೆ ಯಾರೇ ಜಾಗ ಕೊಡ್ತಾರೆ?" ಎಂದು ಕೈ ಬಿಡಿಸಿಕೊಂಡಳು. ಬಂದವರಿಗೆಲ್ಲ ಅಡಿಗೆಯಾಗಬೇಕಿತ್ತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮನೆಯನ್ನು ಸುತ್ತಿ ಹಿತ್ತಿಲ ಬಾಗಿಲಿನಿಂದ ಒಳಗೆ ಹೋದಳು. ಅಂದು ಅವಳು ಮಾಡಿದ ಹುಳಿಯನ್ನು ಎಲ್ಲರೂ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು.